ಆ ರೈಲಿನಲ್ಲಿ ಬ್ಯಾ ಎಂದವರು ಯಾರು

ಮಳವಳ್ಳಿ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನಿಗೆ ದೂರ ಅಂದರೆ ಏನು ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಳವಳ್ಳಿಯಿಂದ ಹಲಗೂರು, ಹಲಗೂರಿನಿಂದ ಮಳವಳ್ಳಿ, ಆಮೇಲೆ ಮದ್ದೂರು, ಮಂಡ್ಯ. ನಾನು ಅಲೆದದ್ದನ್ನೆಲ್ಲ ಒಂದೇ ದಾರಿಯಾಗಿ ಹಾಸಿದರೆ ಭೂಮಿಗೆ ಹತ್ತಾರು ಸುತ್ತು ಬರುತ್ತದೆ. ಆದರೆ ಪ್ರತಿದಿನ ಮನೆಗೇ ಬಂದು ಮಲಗಿದ್ದರಿಂದ ಅದನ್ನು ಯಾರೂ ಪ್ರವಾಸ ಎಂದು ಒಪ್ಪುವುದಿಲ್ಲ. ಆದ್ದರಿಂದ ಐರ್ಲೆಂಡಿಗೆ ಹೋಗಿ ಬಂದದ್ದನ್ನು ಬರೆಯುತ್ತಿದ್ದೇನೆ.

ಅಲ್ಲಿಗೆ ಕರೆ ಬಂದದ್ದು ನನಗಲ್ಲ, ನನ್ನ ತಂಗಿ ಸಾಕಮ್ಮನಿಗೆ. ಅವಳ ಮಗಳು ರಶ್ಮಿ ಅಲ್ಲಿ ಸಮುದ್ರದ ದಂಡೆಯ ಸಣ್ಣ ಊರೊಂದರಲ್ಲಿ ನರ್ಸ್. ಚೊಚ್ಚಲ ಹೆರಿಗೆಯಾಗಿತ್ತು, ಬಾಣಂತನಕ್ಕೆ ತಾಯಿ ಹೋಗಲೇಬೇಕಿತ್ತು. ತಾಯಿಯೋ ಒಬ್ಬಳೇ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದು ಕೂತಳು.

"ಅಣ್ಣ ಬಂದ್ರೆ ಬತ್ತೀನಿ. ಇಲ್ದಿದ್ರೆ ಮಗೀನೇ ಇಲ್ಗೆ ಕಳ್ಸು" ಎಂದು ಫೋನಿನಲ್ಲಿ ಹೇಳಿದಳು. ಹೀಗೆ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ, ಸಾಂಬ್ರಾಣಿ ಇವುಗಳ ಜೊತೆ ನಾನೂ ಪಟ್ಟಿಗೆ ಸೇರಿದೆ.

ನಾನು ತಕ್ಷಣ ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಆಗ ಯಾರಿಗೂ ಹೇಳಿರಲಿಲ್ಲ. ನನಗೆ ಮರೆವು ಶುರುವಾಗಿತ್ತು. ಬೀಗದ ಕೈ ನನ್ನ ಹೆಂಡತಿಗೆ ಫ್ರಿಜ್ಜಿನೊಳಗೆ ಸಿಕ್ಕಿತು. ಎದುರು ಮನೆಯವರ ಹೆಸರು ಬಾಯಿಗೆ ಬರಲಿಲ್ಲ. ಒಂದು ದಿನ ಹಲಗೂರಿಗೆ ಹೋಗಬೇಕಾದವನು ಮದ್ದೂರು ಬಸ್ಸು ಹತ್ತಿ ಕಿಟಕಿ ಪಕ್ಕ ಆರಾಮವಾಗಿ ಕೂತಿದ್ದೆ. ಇಡೀ ಜನ್ಮ ಬೇರೆಯವರಿಗೆ "ಅಲ್ಲ ಕಣಮ್ಮ, ಇದು ಹಲಗೂರಿಗೆ ಹೋಗಲ್ಲ" ಎಂದು ಹೇಳಿ ಇಳಿಸಿದವನು ನಾನು. ಮಂಡ್ಯದ ಡಾಕ್ಟರು ನೋಡಿ, "ವಯಸ್ಸಿಗೆ ಇದು ಸಹಜ. ನಾಲ್ಕು ಜನರ ಜೊತೆ ಕೂತು ಹಳೇದೆಲ್ಲ ಮಾತಾಡಿ, ಮನಸ್ಸು ಹಗುರಾಗುತ್ತೆ" ಎಂದರು. ಸಹಜ ಎಂಬ ಮಾತು ಕೇಳಿ ನನಗೆ ಇನ್ನಷ್ಟು ಭಯವಾಯಿತು. ಅಂದಿನಿಂದ ಬೆಳಿಗ್ಗೆ ಹಲ್ಲುಜ್ಜುವಾಗ ನನ್ನ ರೂಟಿನ ಸ್ಟಾಪುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಒಂದು ತಪ್ಪಿದರೂ ಆ ದಿನ ಕಾಫಿ ರುಚಿಸುತ್ತಿರಲಿಲ್ಲ.

ಆಕಾಶ

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುವಿನ ದಾರಿಯಲ್ಲಿ ನಿಂತು ಎಷ್ಟು ಜನ ಇದ್ದಾರೆ ಎಂದು ಎಣಿಸುತ್ತಿದ್ದೆ. ಗಗನಸಖಿ ಬಂದು ಕೂರಲು ಹೇಳಿದಳು. ಕೂತೆ. ಮತ್ತೆ ಎದ್ದೆ, ಎಣಿಕೆ ತಪ್ಪಿತ್ತು. ಮೂರನೇ ಸಲ ಅವಳು ಬಂದಾಗ ಸಾಕಮ್ಮ ನನ್ನ ಬೆಲ್ಟನ್ನು ತಾನೇ ಹಾಕಿ, "ಎಲ್ರೂ ಟಿಕೀಟ್ ತಕಂಡವ್ರೆ, ನೀ ಸುಮ್ಕೆ ಕೂತ್ಕೊ" ಎಂದಳು.

ಮೊದಲ ವಾರ

ಅಲ್ಲಿನ ಊರಿನಲ್ಲಿ ಮಳೆ ಬೀಳುವುದಿಲ್ಲ, ಗಾಳಿಯಲ್ಲಿ ನಿಂತೇ ಇರುತ್ತದೆ. ನಾವು ಅದರೊಳಗೆ ನಡೆದುಹೋಗಬೇಕು. ಎದುರಿಗೆ ಸಿಕ್ಕವರೆಲ್ಲ ಹವೆಯ ಬಗ್ಗೆ ಎರಡು ಮಾತಾಡಿಯೇ ಮುಂದೆ ಹೋಗುತ್ತಾರೆ. ನಮ್ಮಲ್ಲಿ "ಊಟ ಆಯ್ತಾ" ಎನ್ನುವ ಹಾಗೆ.

ಬಸ್ಸು ಹತ್ತಿದ ದಿನ ನನಗೆ ಎರಡು ಆಘಾತಗಳಾದವು. ಮೊದಲನೆಯದು, ಅಲ್ಲಿ ಕಂಡಕ್ಟರೇ ಇಲ್ಲ. ಎರಡನೆಯದು, ಇಳಿಯುವ ಪ್ರತಿಯೊಬ್ಬರೂ, ಶಾಲೆಯ ಮಕ್ಕಳು ಕೂಡ, ಡ್ರೈವರಿಗೆ ಕೃತಜ್ಞತೆ ಹೇಳಿಯೇ ಇಳಿಯುತ್ತಾರೆ. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಇಳಿಯುವವರು ನನಗೆ ಹೇಳಿದ್ದು ಒಂದೇ ಮಾತು: "ಒಸಿ ಮುಂದ್ಕೆ ನಿಲ್ಸಕ್ಕೆ ಏನಯ್ಯಾ ರೋಗ ನಿಂಗೆ?" ಮನಸ್ಸು ತುಂಬಿ ಬಂತು. ನಾನು ಆ ಡ್ರೈವರನ ಎರಡೂ ಕೈ ಹಿಡಿದುಕೊಂಡು, ನಾನೂ ಇದೇ ಕಸುಬಿನವನು ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಹಿಂದೆ ಹನ್ನೊಂದು ಜನ ಇಳಿಯಲು ಕಾಯುತ್ತಿದ್ದರು. ಯಾರೂ ಬೈಯಲಿಲ್ಲ. ಅದೂ ಒಂದು ಆಘಾತವೇ ಎಂದಿಟ್ಟುಕೊಂಡರೆ ಮೂರಾಯಿತು.

ನಾಲ್ಕನೇ ದಿನ ಸಾಕಮ್ಮ ಮಗುವಿಗೆ ನೀರು ಹಾಕಿ, ಕಬ್ಬಿಣದ ಬಾಣಲೆ ಕಾಯಿಸಿ ಸಾಂಬ್ರಾಣಿ ಹಾಕಿದಳು. ಹೊಗೆ ಚೆನ್ನಾಗಿಯೇ ಎದ್ದಿತು. ಮಗುವಿನ ತಲೆ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಮನೆಯ ಚಾವಣಿಗೆ ಅಂಟಿಸಿದ್ದ ಬಿಳಿಯ ಬಿಲ್ಲೆಯೊಂದು ಹೊಗೆ ಕಂಡು ಕಿರುಚಿಕೊಳ್ಳತೊಡಗಿತು. ರಶ್ಮಿ ಟವೆಲ್ ಬೀಸುತ್ತಾ ಮಂಚದ ಮೇಲೆ ಹತ್ತಿದಳು. ನಾನು ಅಭ್ಯಾಸಬಲದಿಂದ "ಇಳೀರಿ ಇಳೀರಿ, ಎಲ್ರೂ ಇಳೀರಿ" ಎಂದು ಕೂಗುತ್ತಾ ಬಾಗಿಲು ತೆರೆದೆ.

ಬಾಗಿಲಲ್ಲಿ ಪಕ್ಕದ ಮನೆಯ ಮುದುಕಿ ಬ್ರಿಜೆಟ್ ಕೊಡೆ ಹಿಡಿದು ನಿಂತಿದ್ದಳು. ಎಂಬತ್ತು ದಾಟಿದ ಹೆಂಗಸು, ಕೂದಲು ಹತ್ತಿಯ ಹಾಗೆ. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಮೂಗನ್ನು ಎತ್ತಿ ಹೊಗೆಯನ್ನು ಒಂದು ಸಲ ಎಳೆದುಕೊಂಡು, ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟಳು. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಇದೇ ವಾಸನೆ ಇರುತ್ತಿತ್ತಂತೆ. ಅಪ್ಪನ ಕೋಟಿನ ಬಟನ್ನು ಹಿಡಿದುಕೊಂಡು ನಿಂತಿರುತ್ತಿದ್ದಳಂತೆ. ಇದನ್ನೆಲ್ಲ ರಶ್ಮಿ ನಮಗೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ಬ್ರಿಜೆಟ್ ಒಳಗೆ ಬಂದು ಕೂತು ಟೀ ಕೇಳಿದ್ದಳು. ಹೋಗುವಾಗ, ಮಂಗಳವಾರ ನೀವು ಮೂವರೂ ನಮ್ಮ ಗುಂಪಿಗೆ ಬರಲೇಬೇಕು ಎಂದಳು.

ಮೊದಲ ಮಂಗಳವಾರ

ಅದು ನೆನಪಿನ ಗುಂಪು. ವಾರಕ್ಕೊಮ್ಮೆ ಹತ್ತು ಹನ್ನೆರಡು ಹಿರಿಯರು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸುತ್ತ ಕೂರುತ್ತಾರೆ. ನಡೆಸುವಾಕೆ ಒಂದು ಹಳೆಯ ಸಾಮಾನು ತಂದು ಕೈಯಿಂದ ಕೈಗೆ ಕೊಡಿಸುತ್ತಾಳೆ. ಅದನ್ನು ಹಿಡಿದಾಗ ಏನು ನೆನಪಾಯಿತೋ ಅದನ್ನು ಹೇಳಬೇಕು. ಹೀಗೆ ಕೂತು ಹೇಳಿಕೊಂಡರೆ ಒಂಟಿತನ ಕಡಿಮೆಯಾಗುತ್ತದೆ, ಮನಸ್ಸಿಗೆ ಗೆಲುವು ಬರುತ್ತದೆ ಎಂದು ರಶ್ಮಿ ವಿವರಿಸಿದಳು. ನನಗೆ ಮಂಡ್ಯದ ಡಾಕ್ಟರು ನೆನಪಾದರು. ಅವರು ಹೇಳಿದ್ದನ್ನು ಮಾಡಲು ಇಷ್ಟು ದೂರ ಬರಬೇಕಾಯಿತಲ್ಲ ಎನಿಸಿತು.

ಗುಂಪಿಗೆ ಒಂದೇ ನಿಯಮ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪು ಎನ್ನಬಾರದು. ನೆನಪು ಹೇಳಿದವರದು, ಸಾಕ್ಷಿ ಕೇಳುವ ಹಾಗಿಲ್ಲ. ನಮ್ಮ ಹುಟ್ಟೂರು ಬಂಡೂರಿನ ಅರಳಿಕಟ್ಟೆಯಲ್ಲಿ ಈ ನಿಯಮ ತಂದರೆ ಮಾರನೇ ದಿನ ಕಟ್ಟೆಯ ಮೇಲೆ ನಾಯಿ ಮಾತ್ರ ಮಲಗಿರುತ್ತದೆ. ನಮ್ಮಲ್ಲಿ ಒಬ್ಬ ಹಳೆಯ ಸಂಗತಿ ತೆಗೆದರೆ, ಅವನು ಉಸಿರು ತೆಗೆದುಕೊಳ್ಳುವ ಮುಂಚೆ ಮೂವರು "ಅಂಗಲ್ಲ ಕಣ್ಲಾ" ಎನ್ನಲು ತಯಾರಾಗಿರುತ್ತಾರೆ. ಆಮೇಲೆ ಅದು ನ್ಯಾಯಕ್ಕೆ ತಿರುಗುತ್ತದೆ. ಸಾಕ್ಷಿ ಬರುತ್ತಾನೆ, ಟೀ ಬರುತ್ತದೆ, ಸಂಜೆಯಾಗುತ್ತದೆ. ಇಲ್ಲಿ ಎಲ್ಲರೂ "ಎಷ್ಟು ಚೆಂದ" ಎಂದು ತಲೆಯಾಡಿಸುತ್ತಿದ್ದರು. ಮೂಲೆಯಲ್ಲಿ ಮೈಕಲ್ ಎಂಬ ಮುದುಕ ಗಲ್ಲ ಎದೆಗೆ ಊರಿಕೊಂಡು ನಿದ್ದೆ ಮಾಡುತ್ತಿದ್ದ. ನನಗೂ ಕಣ್ಣು ಎಳೆಯುತ್ತಿತ್ತು.

ಅಷ್ಟರಲ್ಲಿ ಆ ವಾರದ ಸಾಮಾನು ನನ್ನ ಕೈಗೆ ಬಂತು. ಅದು ಟಿಕೆಟಿಗೆ ತೂತು ಹಾಕುವ ಹಳೆಯ ಪಂಚು. ಮನಸ್ಸಿಗಿಂತ ಮೊದಲು ಬೆರಳುಗಳೇ ಅದನ್ನು ಗುರುತಿಸಿದವು. ನಾನು ಪಕ್ಕದಲ್ಲಿದ್ದ ಬ್ರಿಜೆಟ್ಟಳ ಬಿಸ್ಕತ್ತಿನ ಪೊಟ್ಟಣಕ್ಕೆ ಟಕಟಕ ನಾಲ್ಕು ತೂತು ಹಾಕಿಯೇಬಿಟ್ಟೆ. ಆಮೇಲೆ ನನ್ನ ಕಥೆ ಹೇಳಿದೆ. ನನ್ನ ಕಥೆ ಎಂದರೆ ಅದೊಂದೇ, ನಿವೃತ್ತಿಯ ದಿನ ಡಿಪೋದಲ್ಲೂ ಅದನ್ನೇ ಹೇಳಿದ್ದೆ.

ನನಗೆ ಹತ್ತು ವರ್ಷ, ಸಾಕಮ್ಮನಿಗೆ ಆರು. ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ಬಂಡೂರಿನಿಂದ ಹನಕೆರೆಯ ಸೋದರಮಾವನ ಮನೆಗೆ ಹೊರಟಿದ್ದಳು. ಮಾವನಿಗೆ ಸಾಕಲು ಕೊಡಬೇಕೆಂದು ಒಂದು ಬಂಡೂರು ಕುರಿಮರಿಯೂ ಜೊತೆಯಲ್ಲಿತ್ತು. ಮದ್ದೂರಿನಲ್ಲಿ ರೈಲು ಹತ್ತುವಾಗ ನಿಯಮದ ಪ್ರಕಾರ ಪ್ರಾಣಿಗಳು ಹೋಗಬೇಕಾದ ಗಾರ್ಡಿನ ಡಬ್ಬಿಗೆ ಮರಿಯನ್ನು ಹಾಕಲು ಅವ್ವನಿಗೆ ಮನಸ್ಸಾಗಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ, ಕೈಗೂಸಿನ ಹಾಗೆ ಎದೆಗೆ ಅವಚಿಕೊಂಡು ಕೂತಳು. ಟಿಕೆಟ್ ಕಲೆಕ್ಟರು ಪಂಚು ಹಿಡಿದು ಬಂದ. ಸರಿಯಾಗಿ ಅವನು ನಮ್ಮ ಸೀಟಿನ ಹತ್ತಿರ ಬಂದಾಗ ಮರಿ "ಬ್ಯಾ" ಎಂದಿತು. ಕಲೆಕ್ಟರು ತಿರುಗಿ ನೋಡಿದ. ನಾನು ತಟ್ಟನೆ ಅವನ ಮುಖವನ್ನೇ ನೋಡುತ್ತಾ "ಬ್ಯಾ" ಎಂದೆ, ಮೊದಲನೆಯದನ್ನೂ ನಾನೇ ಅಂದೆನೋ ಎನ್ನುವ ಹಾಗೆ. ಅವ್ವ ಕಪಾಳಕ್ಕೆ ಒಂದು ಬಿಟ್ಟಳು. ತುಂಟ ಹುಡುಗ ಎಂದುಕೊಂಡು ಕಲೆಕ್ಟರು ಮುಂದೆ ಹೋದ. ಅವ್ವ ನಗದ ಹೆಂಗಸು, ಬಿಗಿಯಾದ ಹೆಂಗಸು. ಅಂಥವಳ ಮಾನ ಉಳಿಸಿದೆ ಎಂಬ ಹೆಮ್ಮೆ ನನಗೆ ಇಡೀ ಜನ್ಮಕ್ಕೆ ಸಾಕಾಗಿತ್ತು.

ರಶ್ಮಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಎಲ್ಲರೂ "ಎಷ್ಟು ಚೆಂದ" ಎಂದರು.

"ಸುಳ್ಳು" ಎಂದಳು ಸಾಕಮ್ಮ.

ರಶ್ಮಿ ಆ ಮಾತನ್ನು ಇಂಗ್ಲಿಷಿಗೆ ತರಲಿಲ್ಲ. ಆದರೆ ಸಾಕಮ್ಮನ ಮುಖ ನೋಡಿದರೆ ಯಾವ ದೇಶದವರಿಗಾದರೂ ಅರ್ಥವಾಗುತ್ತಿತ್ತು. ಏನೆಂದಳು, ಏನೆಂದಳು ಎಂದು ಬ್ರಿಜೆಟ್ ಪಟ್ಟು ಹಿಡಿದಳು.

"ಬ್ಯಾ ಅಂದಿದ್ದು ನಾನು. ಇವನು ಅವ್ವನ ತೊಡೆ ಮ್ಯಾಲೆ ಮಲಗಿ ಗೊರ್ಕೆ ಒಡೀತಿದ್ದ. ಏಟು ಬಿದ್ದಿದ್ದೂ ನಂಗೇ. ಈಗ್ಲೂ ನೆಪ್ಪದೆ, ಈ ಕೆನ್ನೆ" ಎಂದು ಸಾಕಮ್ಮ ಬಲಗೆನ್ನೆ ತೋರಿಸಿದಳು.

"ಲೇ ಸಾಕಿ, ನಿಂಗಾಗ ಆರು ವರ್ಸ."

"ಆರು ವರ್ಸದವ್ರಿಗೆ ಬಾಯಿರಲ್ವಾ?"

ನಡೆಸುವಾಕೆ ಗಾಬರಿಯಾಗಿ, ಇಬ್ಬರ ನೆನಪೂ ಅವರವರಿಗೆ ನಿಜವೇ ಎಂದು ಸಮಾಧಾನ ಹೇಳಿದಳು. ರಶ್ಮಿ ಅದನ್ನು ಕನ್ನಡಕ್ಕೆ ತಂದಳು. ಸಾಕಮ್ಮ ಸ್ವಲ್ಪ ಯೋಚಿಸಿ, "ಎಲ್ಡೂ ನಿಜ ಆಗಕ್ಕೆ ನಮ್ಮವ್ವ ಎಲ್ಡು ರೈಲು ಅತ್ತಿದ್ಲಾ?" ಎಂದು ಕೇಳಿದಳು.

ಇದು ಇಂಗ್ಲಿಷಿಗೆ ಹೋದದ್ದೇ ತಡ, ಇಡೀ ಸಭೆಯೇ ಎಚ್ಚರವಾಯಿತು. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದವರೆಲ್ಲ ಒಂದೇ ಸಲ ಮಾತಾಡತೊಡಗಿದರು. ಬ್ರಿಜೆಟ್ ಎದುರಿನ ಮುದುಕನಿಗೆ ಬೆರಳು ತೋರಿಸಿ, ಹೋದ ತಿಂಗಳು ನೀನು ಹೇಳಿದ ಕುಣಿತದ ರಾತ್ರಿಯ ಕಥೆಯೂ ಹಾಗೆ ನಡೆದದ್ದಲ್ಲ, ನೀರಿಗೆ ಬಿದ್ದದ್ದು ನಾನಲ್ಲ, ನೀನು ಎಂದಳು. ಮೈಕಲ್ ಎದ್ದು ಕೂತ. ಅವನು ಐವತ್ತು ವರ್ಷ ಕುರಿ ಸಾಕಿದವನಂತೆ. ಬರುವ ಮಂಗಳವಾರ ಇವರಿಬ್ಬರೂ ಕೂಗಲಿ, ಯಾರು ನಿಜವೆಂದು ನಾನು ಹೇಳುತ್ತೇನೆ ಎಂದ.

ಎರಡನೇ ಮಂಗಳವಾರ

ಆ ವಾರ ಇಪ್ಪತ್ತಾರು ಜನ ಬಂದಿದ್ದರು, ನಾನೇ ಎಣಿಸಿದೆ. ಕುರ್ಚಿ ಸಾಲದೆ ಚರ್ಚಿನಿಂದ ಬೆಂಚು ತಂದರು. ನಡೆಸುವಾಕೆ ತಲೆ ಹಿಡಿದುಕೊಂಡು ಕೂತಿದ್ದಳು, ಆದರೆ ಅವಳೂ ಎದ್ದು ಹೋಗಲಿಲ್ಲ.

ಮೈಕಲ್ ನಮಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ನಿಂತ. ಮೊದಲು ನಾನು ಕೂಗಿದೆ. "ಬಲ ಬಲ, ಇನ್ನೂ ಮುಂದ್ಕೆ" ಎಂದು ಕೂಗಿ ಪಳಗಿದ ಗಂಟಲು, ಕಿಟಕಿಯ ಗಾಜು ಅದುರಿತು. ಆಮೇಲೆ ಸಾಕಮ್ಮ ಸೆರಗು ಸರಿಮಾಡಿಕೊಂಡು ಕೂಗಿದಳು. ರಶ್ಮಿಯ ತೋಳಿನಲ್ಲಿದ್ದ ಮಗು ಬೆಚ್ಚಿ ಬೀಳಬೇಕಿತ್ತು. ಅದು ಬಾಯಿ ತೆರೆದು ಅಜ್ಜಿಯನ್ನೇ ನೋಡಿತು.

ಮೈಕಲ್ ಇಬ್ಬರನ್ನೂ ಮೂರು ಮೂರು ಸಲ ಕೂಗಿಸಿದ. ತಿರುಗಿದಾಗ ಅವನ ಹುಬ್ಬು ಗಂಟಾಗಿತ್ತು. "ಇವರಿಬ್ಬರಲ್ಲಿ ಯಾರೂ ಮರಿಯ ಹಾಗೆ ಕೂಗಲಿಲ್ಲ. ಮರಿಯ ದನಿ ಗಿಡ್ಡ, ಮೇಲಕ್ಕೆ ಹೋಗುತ್ತದೆ. ಇವರದು ಉದ್ದ, ಕೆಳಗಿಳಿದು ಕೊನೆಯಲ್ಲಿ ತಡೆಯುತ್ತದೆ. ಅದು ಮರಿಯನ್ನು ಕರೆಯುವ ತಾಯಿಕುರಿ. ಇನ್ನೊಂದು ಮಾತು. ಇಬ್ಬರೂ ಒಂದೇ ಕುರಿಯ ಹತ್ತಿರ ಕಲಿತಿದ್ದಾರೆ" ಎಂದ. ತೀರ್ಪು ಕೊಡುವುದಿಲ್ಲ, ಸಾಕ್ಷಿ ತನ್ನಿ ಎಂದು ಬಿಟ್ಟ.

ಸಾಕ್ಷಿ ಎಂದರೆ ಒಬ್ಬಳೇ ಉಳಿದಿದ್ದಳು, ಹನಕೆರೆಯ ಸಿದ್ದತ್ತೆ, ನಮ್ಮ ಸೋದರಮಾವನ ಹೆಂಡತಿ. ಊರಿಗೆ ಹೋದ ಮೇಲೆ ಅವಳನ್ನು ಕೇಳಿ ಇಂಥದೇ ಮಂಗಳವಾರ ಫೋನಿನಲ್ಲಿ ತೋರಿಸಬೇಕು ಎಂದು ಇಪ್ಪತ್ತಾರು ಜನರೂ ನಮ್ಮಿಂದ ಮಾತು ತೆಗೆದುಕೊಂಡರು.

ಸಮುದ್ರದ ದಂಡೆ

ಅಂದು ಸಂಜೆ ಅಣ್ಣ ತಂಗಿ ದಂಡೆಯ ಮೇಲೆ ನಡೆಯಲು ಹೋದೆವು. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ, ಆದರೆ ಒಳಗೊಳಗೇ ಹೆದರಿದ್ದೆ. ಬೀಗದ ಕೈ ಮರೆತರೆ ಇನ್ನೊಂದು ಮಾಡಿಸಬಹುದು. ನಾನು ಯಾರು ಎಂದು ಯಾರಾದರೂ ಕೇಳಿದರೆ ಹೇಳಲು ಇಟ್ಟುಕೊಂಡಿದ್ದ ಕಥೆಯೇ ನನ್ನದಲ್ಲ ಎಂದಾದರೆ ಇನ್ನು ಏನನ್ನು ನಂಬುವುದು?

"ಸಾಕಿ, ನಂಗೆ ಮರೆವು ಬತ್ತಾ ಅದೆ ಕಣಮ್ಮಿ" ಎಂದೆ. ಫ್ರಿಜ್ಜು, ಮದ್ದೂರು ಬಸ್ಸು, ಮಂಡ್ಯದ ಡಾಕ್ಟರು, ಎಲ್ಲ ಹೇಳಿದೆ.

ಅವಳು ಕಾಲಿಗೆ ಬಂದ ಅಲೆಯಿಂದ ಸೀರೆ ಎತ್ತಿ ಹಿಡಿದುಕೊಂಡಳು.

"ಗೊತ್ತು ಕಣಣ್ಣ. ಅತ್ಗೆ ಯೋಳಿದ್ಲು. ಅದ್ಕೇ ನಿನ್ನ ಕರ್ಕಂಡು ಬಂದಿದ್ದು. ನಂಗೇನು ಇಮಾನ ಅಂದ್ರೆ ಬಯವಾ?"

ಅವಳ ಕೈಲಿದ್ದ ಚಪ್ಪಲಿಗಳನ್ನು ನಾನು ಇಸಿದುಕೊಂಡು ನಡೆದೆ. ಆಮೇಲೆ, "ಅಂಗಂತ ಬ್ಯಾ ಅಂದಿದ್ದು ನೀನೇ ಅಂತ ಒಪ್ಕಳಕಾಗಕಿಲ್ಲ" ಎಂದಳು.

ಹನಕೆರೆ

ಬಾಣಂತನ ಮುಗಿಸಿ ಊರಿಗೆ ಬಂದು ಮೂರನೇ ವಾರ, ಮಂಗಳವಾರ, ಹನಕೆರೆಗೆ ಹೋದೆವು. ಬೇಕೆಂದೇ ಮದ್ದೂರಿನಲ್ಲಿ ರೈಲು ಹತ್ತಿದೆವು. ನಾನು ಒಂದು ಕಿಟಕಿ, ಅವಳು ಒಂದು ಕಿಟಕಿ.

ಸಿದ್ದತ್ತೆಗೆ ತೊಂಬತ್ತರ ಹತ್ತಿರ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಯಾರ್ಲಾ ನೀನು?" ಎಂದಳು. ಹೇಳಿದೆ. ಕಾಫಿ ತರಿಸಿದಳು. ಕಾಫಿ ಕೊಡುವಾಗ ಮತ್ತೆ "ನೀನ್ಯಾರ ಮಗ?" ಎಂದಳು. ಮತ್ತೆ ಹೇಳಿದೆ. ಇಂಥ ಸಾಕ್ಷಿಯನ್ನು ನಂಬಿ ಎರಡು ದೇಶ ಕಾದಿವೆಯಲ್ಲ ಎನಿಸಿತು. ಸಾಕಮ್ಮ ರಶ್ಮಿಗೆ ಫೋನು ಹಚ್ಚಿದಳು. ಅಲ್ಲಿ ಇನ್ನೂ ಬೆಳಿಗ್ಗೆ. ಸಣ್ಣ ಪರದೆಯ ತುಂಬ ಬಿಳಿ ತಲೆಗಳು, ಮುಂದೆ ಬ್ರಿಜೆಟ್, ಅವಳ ಪಕ್ಕ ಮೈಕಲ್, ನಿದ್ದೆಯಿಲ್ಲದ ಮೈಕಲ್.

"ಅತ್ತೆ, ರೈಲಲ್ಲಿ ಅವ್ವ ಕುರಿಮರಿ ತಂದಿದ್ಲಲ್ಲ, ನೆಪ್ಪದಾ?" ಎಂದೆ.

ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ಸಿದ್ದತ್ತೆಯ ಮುಖವೆಲ್ಲ ಸುಕ್ಕಾಗಿ ನಗು ಬಂತು.

"ಅಯ್ಯೋ, ಬುಡು ಅತ್ಲಾಗೆ. ಅದ್ನ ಮರೆಯಕಾದದಾ?"

"ಕಲೆಕ್ಟ್ರು ಬಂದಾಗ ಬ್ಯಾ ಅಂದಿದ್ದು ಯಾರು? ನಾನಾ, ಇವ್ಳಾ?"

"ನೀವಾ? ನೀವಿಬ್ರೂ ಅವ್ಳ ಎಲ್ಡು ತೊಡೆ ಮ್ಯಾಲೂ ಮಕ ಮಡಗಿ ಮಲಗಿದ್ರಂತೆ. ಅಂದಿದ್ದು ನಿಮ್ಮವ್ವ ಕಣ್ಲಾ."

ಸಾಕಮ್ಮ ಫೋನು ಕೆಳಗಿಳಿಸಿದಳು. ಪರದೆಯಲ್ಲಿ ಐರ್ಲೆಂಡಿನವರಿಗೆ ಅವರೆಕಾಯಿ ಮಾತ್ರ ಕಾಣುತ್ತಿದ್ದಿರಬೇಕು.

"ಮರಿ ಕೂಗ್ತು. ಅವ್ನು ತಿರ್ಗಿ ನೋಡ್ದ. ನಿಮ್ಮವ್ವ ಅವ್ನ ಮಕಾನೇ ನೋಡ್ಕಂಡು ಬ್ಯಾ ಅಂದ್ಲಂತೆ. ಅವ್ನು ಇನ್ನೊಂದ್ಸಲ ನೋಡ್ದ, ಇವ್ಳು ಇನ್ನೊಂದ್ಸಲ ಅಂದ್ಲಂತೆ. ಯಾರೋ ತಲೆಕೆಟ್ಟೋಳು ಅಂದ್ಕಂಡು ಮುಂದುಲ್ ಡಬ್ಬಿಗೆ ಓಡೋದ. ನೀವಿಬ್ರೂ ಎದ್ದು ಕಿಸಿಕಿಸಿ ನಕ್ಕಿದ್ಕೆ ಒಬ್ಬೊಬ್ರಿಗೆ ಒಂದೊಂದು ಬುಟ್ಲಂತೆ. ಬಂದೋಳೇ ಈ ಬಾಗ್ಲಲ್ಲೇ ನಿಂತ್ಕಂಡು ನಂಗೆ ಎಲ್ಲಾ ಮಾಡಿ ತೋರ್ಸುದ್ಲು. ನಕ್ಕು ನಕ್ಕು ಇಬ್ರೂ ಇಲ್ಲೇ ಕುಕ್ಕುರ್ಸಿದ್ವಿ."

ಅವ್ವ ನಕ್ಕು ಕುಕ್ಕರಿಸಿದ್ದನ್ನು ನಾನು ಕಂಡೇ ಇಲ್ಲ. "ನಮ್ಗ್ಯಾಕೆ ಯೋಳ್ಲಿಲ್ಲ?" ಎಂದೆ.

"ಅವ್ವ ಕುರಿ ಅಂಗೆ ಕೂಗುದ್ಲು ಅಂತ ಗೊತ್ತಾದ್ರೆ ನಾಳಿಕೆ ನೀವು ಅವ್ಳ ಮಾತು ಕೇಳ್ತಿದ್ರಾ? ಮಕ್ಕಳ್ಗೆ ಯೋಳ್ಬ್ಯಾಡ ಅಂತ ನನ್ ಕೈಲಿ ಮಾತ್ ಇಸ್ಕಂಡಿದ್ಲು. ಇಷ್ಟ್ ದಿನ ಮಡಗಿದ್ದೆ."

"ಎಂಗೆ ಕೂಗುದ್ಲು ಅತ್ತೆ?" ಎಂದಳು ಸಾಕಮ್ಮ. ಅವಳ ದನಿ ಆರು ವರ್ಷದ್ದಾಗಿತ್ತು.

ಸಿದ್ದತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಕೂಗಿದಳು. ಉದ್ದವಾಗಿ ಬಂತು, ಕೆಳಗಿಳಿಯಿತು, ಕೊನೆಯಲ್ಲಿ ಒಂದು ಕಡೆ ತಡೆಯಿತು. ನನ್ನದೂ ಅದೇ, ಸಾಕಮ್ಮನದೂ ಅದೇ. ನಾವು ನಮ್ಮದೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದ ಕೂಗು ಅವ್ವನದು. ನಿದ್ದೆಗಣ್ಣಿನಲ್ಲಿ, ಕಿವಿಯ ಮೇಲೆಯೇ ಕೇಳಿಸಿದ್ದು. ಫೋನಿನೊಳಗಿಂದ ಮೈಕಲ್, "ಅದೇ ಕುರಿ, ಅದೇ ಕುರಿ" ಎಂದು ಕೂಗುತ್ತಿದ್ದ. ಬ್ರಿಜೆಟ್ ಪಕ್ಕದವನಿಂದ ಕರ್ಚೀಫು ಕಸಿದುಕೊಂಡಳು. ರಶ್ಮಿ ಇಂಗ್ಲಿಷಿಗೆ ತರುವುದನ್ನೇ ಬಿಟ್ಟು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ನನಗೆ ಎಷ್ಟೋ ತಿಂಗಳ ನಂತರ ಮೈ ಹಗುರಾಯಿತು. ನನ್ನ ನೆನಪು ತಪ್ಪಿದ್ದು ಈಗ ಅಲ್ಲ, ಹತ್ತನೇ ವಯಸ್ಸಿನಲ್ಲೇ. ಅಂಥ ತಪ್ಪು ನೆನಪು ಇಟ್ಟುಕೊಂಡೇ ಮೂವತ್ತೊಂದು ವರ್ಷ ಜನರನ್ನು ಸರಿಯಾದ ಊರುಗಳಲ್ಲಿ ಇಳಿಸಿದ್ದೇನೆ. ಮುಂದೆ ಇನ್ನೂ ಮರೆಯುತ್ತೇನೇನೋ, ಅದು ಬೇರೆ ಮಾತು. ಸಾಕಮ್ಮ ಸೋತ ಮುಖ ಮಾಡಿಕೊಳ್ಳಲಿಲ್ಲ, ನಾನೂ ಮಾಡಿಕೊಳ್ಳಲಿಲ್ಲ. ಇಬ್ಬರೂ ಜಗಲಿಯ ಮೇಲೆ ಸಿದ್ದತ್ತೆಯ ಅತ್ತ ಒಬ್ಬರು ಇತ್ತ ಒಬ್ಬರು ಕೂತು ಅವರೆಕಾಯಿ ಸುಲಿಯತೊಡಗಿದೆವು.

ಸ್ವಲ್ಪ ಹೊತ್ತಾದ ಮೇಲೆ ಸಿದ್ದತ್ತೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, "ಅಲ್ಲ ಕಣಪ್ಪ, ನೀನ್ಯಾರು ಅಂತ ಗೊತ್ತಾಗ್ನಿಲ್ವಲ್ಲ" ಎಂದಳು.

"ರೈಲಲ್ಲಿ ಬ್ಯಾ ಅಂದ್ಲಲ್ಲ, ಅವ್ಳ ಮಗ ಕಣತ್ತೆ" ಎಂದೆ.

ಆಗ ಅವಳಿಗೆ ಗುರುತು ಸಿಕ್ಕಿತು.